ಮೊದಲು ದುಡ್ಡು, ಆಮೇಲೆ ರೆಕಾರ್ಡು

2013ರಲ್ಲಿ ಯೂನಿವರ್ಸಲ್ ಮ್ಯೂಸಿಕ್ ಕಂಪನಿ ಬ್ರಿಟನ್ನಿನಲ್ಲಿ ಒಂದು ಯೋಜನೆ ಶುರು ಮಾಡಿತು. ಹೆಸರು ದಿ ವಿನೈಲ್ ಪ್ರಾಜೆಕ್ಟ್. ಅಂಗಡಿಗಳಿಂದ ಮಾಯವಾಗಿದ್ದ ಹಳೆಯ ಆಲ್ಬಮ್‌ಗಳನ್ನು ಮತ್ತೆ ಎಲ್‌ಪಿ, ಅಂದರೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ದೊಡ್ಡ ತಟ್ಟೆಯ ರೂಪದಲ್ಲಿ ತರುವುದು ಅದರ ಉದ್ದೇಶ. ಆದರೆ ಒಂದು ಷರತ್ತು ಇತ್ತು. ರೆಕಾರ್ಡು ಬೇಕು ಅನ್ನುವವರು ಮೊದಲೇ ದುಡ್ಡು ಕೊಡಲು ಒಪ್ಪಬೇಕು. ಸಾಕಷ್ಟು ಜನ ಒಪ್ಪಿದರೆ ಅಚ್ಚು ಹಾಕುತ್ತಾರೆ, ಇಲ್ಲದಿದ್ದರೆ ಇಲ್ಲ.

ಆ ವರ್ಷ ಯೂನಿವರ್ಸಲ್‌ನ ಆದಾಯ ಸುಮಾರು 490 ಕೋಟಿ ಯೂರೋ. ಹಿಂದಿನ ವರ್ಷವಷ್ಟೇ ಅದು ಇಎಂಐ ಕಂಪನಿಯ ಸಂಗೀತ ವ್ಯಾಪಾರವನ್ನು 120 ಕೋಟಿ ಪೌಂಡಿಗೆ ಕೊಂಡಿತ್ತು. ಅದರ ಪೈಕಿ ಕೆಲವು ಭಾಗಗಳನ್ನು ಮಾರಬೇಕಾಯಿತು, ನಿಜ. ಆದರೂ ದೊಡ್ಡದೊಂದು ಹಾಡಿನ ಭಂಡಾರ ಅದರ ಕೈಗೆ ಬಂತು. ಇಷ್ಟೆಲ್ಲ ಇರುವ ಕಂಪನಿಗೆ ಕೇಳುಗರ ಮುಂಗಡ ಯಾಕೆ ಬೇಕು? ಈ ಪ್ರಶ್ನೆ ಯಾರಿಗಾದರೂ ಬರುತ್ತದೆ, ಅಲ್ವಾ? ಇದಕ್ಕೆ ಉತ್ತರ ಬೇಕೆಂದರೆ ಅಲ್ಲಿಂದ ಸುಮಾರು ಎಂಬತ್ತು ವರ್ಷ ಹಿಂದೆ ಹೋಗಬೇಕು. ದಾರಿಯಲ್ಲಿ ಮೈಸೂರು ಅರಮನೆಯೂ ಸಿಗುತ್ತದೆ.

ಅದಕ್ಕೆ ಮೊದಲು ಲೆಕ್ಕಾಚಾರ ಸ್ವಲ್ಪ ಗೊತ್ತಿರಬೇಕು. ಎಲ್‌ಪಿ ತಯಾರಿಕೆಯಲ್ಲಿ ಖರ್ಚೆಲ್ಲ ಮೊದಲೇ ಬರುತ್ತದೆ. ಹಳೆಯ ಮಾಸ್ಟರ್ ಟೇಪು ಹುಡುಕಬೇಕು, ಸರಿಪಡಿಸಬೇಕು. ಲ್ಯಾಕರ್ ಎಂಬ ಮೆತ್ತನೆಯ ಲೇಪ ಇರುವ ಅಲ್ಯೂಮಿನಿಯಂ ತಟ್ಟೆಯ ಮೇಲೆ ಧ್ವನಿಯ ಗೆರೆ ಕೊರೆಯಬೇಕು. ಅದಕ್ಕೆ ನಿಕಲ್ ಹತ್ತಿಸಿ, ಸ್ಟಾಂಪರ್ ಅನ್ನುವ ಲೋಹದ ಅಚ್ಚು ತೆಗೆಯಬೇಕು. ಆ ಅಚ್ಚನ್ನು ಯಂತ್ರಕ್ಕೆ ಕೂರಿಸಿದ ಮೇಲೆ ಒಂದು ತಟ್ಟೆ ಒತ್ತಲು ಹೆಚ್ಚು ಹೊತ್ತು ಬೇಡ. ನೂರು ಒತ್ತಿದರೂ ಸಾವಿರ ಒತ್ತಿದರೂ ಆ ಮೊದಲಿನ ಖರ್ಚು ಒಂದೇ. ಹಾಗಾಗಿ ನೂರು ಜನಕ್ಕೆ ಮಾತ್ರ ಬೇಕಾದ ಆಲ್ಬಮ್ಮಿಗೆ ಒಂದೊಂದು ಪ್ರತಿಯೂ ತುಂಬಾ ದುಬಾರಿ. ಸಾವಿರ ಒತ್ತಿಟ್ಟರೆ ಮಿಕ್ಕವು ಗೋದಾಮಿನಲ್ಲಿ ಕೊಳೆಯುತ್ತವೆ. ಎಷ್ಟು ಜನಕ್ಕೆ ಬೇಕು ಎಂದು ಮೊದಲೇ ಗೊತ್ತಾದರೆ ಈ ತೊಂದರೆಯೇ ಇಲ್ಲ.

ಇದೇ ಲೆಕ್ಕ 1931ರಲ್ಲಿ ಲಂಡನ್ನಿನ ಎಚ್‌ಎಂವಿ ಕಚೇರಿಯಲ್ಲೂ ನಡೆದಿತ್ತು. ಆಗ ಇದ್ದದ್ದು ವಿನೈಲ್ ಅಲ್ಲ, ಅರಗಿನ 78 ಆರ್‌ಪಿಎಂ ರೆಕಾರ್ಡುಗಳು. ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ. ಎಚ್‌ಎಂವಿಯ ಗ್ರಾಮಫೋನ್ ಕಂಪನಿ ಆ ವರ್ಷವೇ ಬ್ರಿಟನ್ನಿನ ಕೊಲಂಬಿಯಾ ಕಂಪನಿಯ ಜೊತೆ ಸೇರಿ ಇಎಂಐ ಆಯಿತು. ಅಲ್ಲಿ ವಾಲ್ಟರ್ ಲೆಗ್ ಎಂಬ ಇಪ್ಪತ್ತೈದರ ಹುಡುಗ ಕೆಲಸಕ್ಕಿದ್ದ. ಹ್ಯೂಗೋ ವೋಲ್ಫ್ ಎಂಬ ಸಂಗೀತಗಾರನ ಜರ್ಮನ್ ಗೀತೆಗಳೆಂದರೆ ಅವನಿಗೆ ಪ್ರಾಣ. ಆದರೆ ಅವನ್ನು ರೆಕಾರ್ಡು ಮಾಡಿದರೆ ಕೊಳ್ಳುವವರು ಯಾರು? ಲೆಗ್ ಒಂದು ದಾರಿ ಹೇಳಿದ. 500 ಜನ ಚಂದಾದಾರರು ಮುಂಚಿತವಾಗಿ ದುಡ್ಡು ಕಟ್ಟಲಿ, ಕಟ್ಟಿದ ಮೇಲೆ ರೆಕಾರ್ಡು ಮಾಡೋಣ.

ಹೀಗೆ ಹ್ಯೂಗೋ ವೋಲ್ಫ್ ಸೊಸೈಟಿ ಹುಟ್ಟಿತು. 500 ಜನ ಸಿಕ್ಕರು. ಅದರಲ್ಲಿ ನೂರಕ್ಕೂ ಹೆಚ್ಚು ಮಂದಿ ಜಪಾನಿನವರು. ಗಾಯಕಿ ಎಲೆನಾ ಗೆರ್ಹಾರ್ಟ್ ಹಾಡಿದ ಮೊದಲ ಸಂಪುಟ ಹೊರಬಂತು. ಗೆದ್ದ ದಾರಿಯನ್ನು ಕಂಪನಿ ಬಿಡಲಿಲ್ಲ. ಬೀಥೋವನ್ ಸೊನಾಟಾ ಸೊಸೈಟಿ ಮಾಡಿತು. ಆರ್ತುರ್ ಶ್ನಾಬೆಲ್ 1932ರಿಂದ 1935ರವರೆಗೆ ಬೀಥೋವನ್‌ನ ಮೂವತ್ತೆರಡೂ ಪಿಯಾನೊ ಸೊನಾಟಾಗಳನ್ನು ನುಡಿಸಿದರು. ಮೂವತ್ತೆರಡನ್ನೂ ಒಬ್ಬರೇ ನುಡಿಸಿ ರೆಕಾರ್ಡು ಮಾಡಿದ್ದು ಅದೇ ಮೊದಲು. ಇವತ್ತಿಗೂ ಪಿಯಾನೊ ಕಲಿಯುವವರು ಆ ರೆಕಾರ್ಡುಗಳನ್ನು ಹುಡುಕಿ ಕೇಳುತ್ತಾರೆ. ಕಂಪನಿಯ ಸ್ವಂತ ಧೈರ್ಯವೊಂದರಿಂದಲೇ ಅವು ಹುಟ್ಟಿದ್ದಲ್ಲ. ಹೆಸರು ಗೊತ್ತಿಲ್ಲದ ನೂರಾರು ಜನ ಕೇಳುವುದಕ್ಕೆ ಮೊದಲೇ ದುಡ್ಡು ಕೊಟ್ಟಿದ್ದರು.

ಈಗ ಮೈಸೂರಿಗೆ ಬರೋಣ. ಜಯಚಾಮರಾಜ ಒಡೆಯರ್ ಅಂದರೆ ನಮಗೆ ನೆನಪಾಗುವುದು ಶ್ರೀವಿದ್ಯಾ ಅಂಕಿತದ ಕೃತಿಗಳು. ಅವರಿಗೆ ಪಾಶ್ಚಾತ್ಯ ಸಂಗೀತವೂ ಅಷ್ಟೇ ಆಳವಾಗಿ ಗೊತ್ತಿತ್ತು. ಚಿಕ್ಕಂದಿನಿಂದ ಪಿಯಾನೊ ಕಲಿತವರು. ಅವರಿಗೆ ಬಹಳ ಇಷ್ಟವಾದ ಸಂಗೀತಗಾರರಲ್ಲಿ ಒಬ್ಬರು ನಿಕೊಲಾಯ್ ಮೆಡ್ನರ್. ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದ ಮೆಡ್ನರ್, ರಖ್ಮಾನಿನೋಫ್‌ಗೆ ಸ್ನೇಹಿತ. ಕ್ರಾಂತಿಯ ನಂತರ ರಷ್ಯಾ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತರು. 1940ರ ದಶಕದ ಹೊತ್ತಿಗೆ ಅವರಿಗೆ ಹೃದಯದ ಕಾಯಿಲೆ. ಕೈಯಲ್ಲಿ ದುಡ್ಡಿಲ್ಲ. ಅವರ ಸಂಗೀತವನ್ನು ರೆಕಾರ್ಡು ಮಾಡಲು ಯಾವ ಕಂಪನಿಗೂ ಆಸಕ್ತಿ ಇರಲಿಲ್ಲ.

ಮಹಾರಾಜರು ಆ ಖರ್ಚನ್ನು ತಾವೇ ಹೊತ್ತರು. ಮೆಡ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಎಚ್‌ಎಂವಿ ರೆಕಾರ್ಡುಗಳನ್ನು ತಂದಿತು. ಹೊಣೆ ಹೊತ್ತವನು ಅದೇ ವಾಲ್ಟರ್ ಲೆಗ್. 1947ರಲ್ಲಿ ಮೆಡ್ನರ್ ತಮ್ಮ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಜೊತೆ ತಾವೇ ನುಡಿಸಿದರು. ಆಮೇಲೆ ಮೆಡ್ನರ್ ರಚಿಸಿದ ಗೀತೆಗಳನ್ನು ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದರು, ಪಿಯಾನೊದಲ್ಲಿ ಜೊತೆಗಿದ್ದವರು ಸ್ವತಃ ಮೆಡ್ನರ್. 1951ರಲ್ಲಿ ಅವರು ತೀರಿಕೊಂಡರು. ಇನ್ನು ಐದು ವರ್ಷ ತಡವಾಗಿದ್ದರೆ ಆ ಕೈಯ ನುಡಿಸಾಟ ಇಷ್ಟು ವಿವರವಾಗಿ ನಮಗೆ ಸಿಗುತ್ತಿರಲಿಲ್ಲ. ತಮ್ಮ ಮೂರನೇ ಕಾನ್ಸರ್ಟೊವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ.

ಲೆಗ್ ಮೈಸೂರಿಗೂ ಬಂದಿದ್ದ. ಮೂವತ್ತು ತುಂಬದ ಅರಸ, ಅರಮನೆಯಲ್ಲಿ ದೊಡ್ಡ ರೆಕಾರ್ಡು ಸಂಗ್ರಹ, ಸಾಲು ಸಾಲು ಧ್ವನಿವರ್ಧಕಗಳು, ಪಿಯಾನೊಗಳು. ಇದನ್ನು ಅವನು ಬೆರಗಿನಿಂದ ಬರೆದಿದ್ದಾನೆ. ಲೆಗ್ ಆಗತಾನೇ ಕಟ್ಟಿದ್ದ ಫಿಲ್‌ಹಾರ್ಮೋನಿಯಾಗೆ ಮಹಾರಾಜರು ಮೂರು ವರ್ಷ ತಲಾ 10,000 ಪೌಂಡ್ ಕೊಡಲು ಒಪ್ಪಿದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದಕ್ಕೂ ಮೈಸೂರಿನ ನೆರವೇ ಬೆನ್ನಿಗಿತ್ತು. ಕನ್ನಡ ನಾಡಿನ ಸಂಗೀತದ ಚರಿತ್ರೆ ಬರೆಯುವಾಗ ಈ ಅಧ್ಯಾಯಕ್ಕೆ ಇನ್ನೂ ಜಾಸ್ತಿ ಜಾಗ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

500 ಜನ ಸೇರಿ ಮಾಡಿದ್ದನ್ನು ಇಲ್ಲಿ ಒಬ್ಬರೇ ಮಾಡಿದರು. ಆದರೆ ಎರಡರಲ್ಲೂ ಒಂದು ಮಾತು ಸಮಾನ. ಕೇಳುಗರು ಸೋಲಿನ ಭಯ ಹೊತ್ತರು, ರೆಕಾರ್ಡಿಂಗ್ ಮಾತ್ರ ಕಂಪನಿಯ ಬಳಿ ಉಳಿಯಿತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಎಲ್‌ಪಿ ತಂದಿತು. ರೆಕಾರ್ಡು ವ್ಯಾಪಾರ ದೊಡ್ಡದಾಯಿತು, ಸೊಸೈಟಿಗಳ ಅಗತ್ಯ ಉಳಿಯಲಿಲ್ಲ. ಕಂಪನಿಗಳು ರಾಶಿ ರಾಶಿ ಒತ್ತಿದವು. ಹೋಗದ ಮಾಲನ್ನು ಪಟ್ಟಿಯಿಂದ ತೆಗೆದವು. ಒಮ್ಮೆ ಪಟ್ಟಿಯಿಂದ ಹೋದ ರೆಕಾರ್ಡು ಸಿಗುವುದು ಎಷ್ಟು ಕಷ್ಟ ಎಂಬುದಕ್ಕೆ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಕಥೆಗಿಂತ ಒಳ್ಳೆಯ ಸಾಕ್ಷಿ ಇಲ್ಲ.

1977ರಲ್ಲಿ ನಾಸಾ ವೊಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ರೆಕಾರ್ಡು ಕಳಿಸಲು ಹೊರಟಿತ್ತು. ವಿಜ್ಞಾನಿ ಕಾರ್ಲ್ ಸೇಗನ್ ತಂಡ ಅದಕ್ಕೆ ಜಗತ್ತಿನ 27 ಸಂಗೀತದ ತುಣುಕು ಆರಿಸುತ್ತಿತ್ತು. ಭಾರತದಿಂದ ಯಾವುದು ಬೇಕು ಅಂದಾಗ, ಸಂಗೀತ ವಿದ್ವಾಂಸ ರಾಬರ್ಟ್ ಬ್ರೌನ್ ಹೇಳಿದ್ದು ಕೇಸರ್‌ಬಾಯಿ ಹಾಡಿದ ಭೈರವಿಯ 'ಜಾತ ಕಹಾಂ ಹೋ'. ಆದರೆ ರೆಕಾರ್ಡು ಮಾರಾಟದಲ್ಲೇ ಇರಲಿಲ್ಲ. ತಂಡದ ಆನ್ ಡ್ರುಯನ್ ನ್ಯೂಯಾರ್ಕಿನಲ್ಲಿ ಹುಡುಕಾಡಿದರು. ಕೊನೆಗೆ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಭಾರತೀಯ ಕುಟುಂಬವೊಂದು ನಡೆಸುತ್ತಿದ್ದ ಅಂಗಡಿಯಲ್ಲಿ, ಮೇಜಿನ ಕೆಳಗಿನ ಪೆಟ್ಟಿಗೆಯೊಂದರಲ್ಲಿ ಪ್ರತಿ ಸಿಕ್ಕಿತು. ವೊಯೇಜರ್ 1 ಸೆಪ್ಟೆಂಬರ್ 5ರಂದು ಹೊರಟಿತು. ಸೆಪ್ಟೆಂಬರ್ 16ರಂದು ಕೇಸರ್‌ಬಾಯಿ ತೀರಿಕೊಂಡರು. ಅಂಥ ಗಾಯಕಿಯ ದನಿಗೇ ಈ ಗತಿಯಾದರೆ ಉಳಿದವರ ಪಾಡೇನು?

ಐದು ವರ್ಷದಲ್ಲಿ ಸಿಡಿ ಬಂತು. ಎಲ್‌ಪಿಗಳು ಮೂಲೆ ಸೇರಿದವು. ಅಚ್ಚಿನ ಕಾರ್ಖಾನೆಗಳು ಮುಚ್ಚಿದವು. ಸೋನಿ ಜಪಾನಿನಲ್ಲಿ 1989ರಲ್ಲೇ ವಿನೈಲ್ ತಯಾರಿ ನಿಲ್ಲಿಸಿತು. ಹಳೆಯ ಯಂತ್ರಗಳು ಗುಜರಿಗೆ ಹೋದವು.

ಮುಂಗಡದ ಉಪಾಯ ಮರಳಿ ಬಂದದ್ದು ಇಂಟರ್ನೆಟ್ಟಿನಿಂದ. ಈ ಸಲ ಶುರು ಮಾಡಿದವರು ಕಂಪನಿಗಳಲ್ಲ. ಇಎಂಐ ಜೊತೆಗಿನ ಒಪ್ಪಂದ 1995ರಲ್ಲಿ ಮುಗಿದಿದ್ದ ಮರಿಲಿಯನ್ ಎಂಬ ಇಂಗ್ಲಿಷ್ ತಂಡದ ಅಮೆರಿಕ ಪ್ರವಾಸಕ್ಕೆ 1997ರಲ್ಲಿ ಅಭಿಮಾನಿಗಳೇ ಸುಮಾರು 60,000 ಡಾಲರ್ ಕೂಡಿಸಿದರು. ನಂತರ ತಂಡ ತನ್ನ 2001ರ ಆಲ್ಬಮ್ಮನ್ನು ಮಾಡುವ ಮೊದಲೇ 12,000ಕ್ಕೂ ಹೆಚ್ಚು ಜನರಿಗೆ ಮಾರಿತು. ಗಮನಿಸಬೇಕಾದ ಸಂಗತಿ ಎಂದರೆ ಆ ಆಲ್ಬಮ್ಮಿನ ವಿತರಣೆಗೆ ಮುಂದೆ ಬಂದದ್ದು ಅದೇ ಇಎಂಐ. ಅತ್ತ ಜಪಾನಿನಲ್ಲಿ ಸೋನಿ ಮ್ಯೂಸಿಕ್ ಆರ್ಡರ್ ಮೇಡ್ ಫ್ಯಾಕ್ಟರಿ ಎಂಬ ಹೆಸರಿನಲ್ಲಿ, ಸಾಕಷ್ಟು ಬುಕಿಂಗ್ ಬಂದರೆ ಮಾತ್ರ ಹಳೆಯ ಆಲ್ಬಮ್ ಮರುಮುದ್ರಿಸುವ ಪದ್ಧತಿ ತಂದಿತು. 2009ರಲ್ಲಿ, ಜನರಿಂದ ಮುಂಗಡ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ಇಂಟರ್ನೆಟ್ ತಾಣ ಬಂದ ಮೇಲೆ ಇದೆಲ್ಲ ಮನೆಮಾತಾಯಿತು.

ಇದೇ ಹೊತ್ತಿಗೆ ವಿನೈಲ್ ಕೂಡ ಎದ್ದು ಕೂತಿತು. ಬ್ರಿಟನ್ನಿನಲ್ಲಿ 2007ರಲ್ಲಿ ಎಲ್‌ಪಿ ಮಾರಾಟ ಸುಮಾರು ಎರಡು ಲಕ್ಷಕ್ಕೆ ಇಳಿದಿತ್ತು. 2013ರಲ್ಲಿ ಸುಮಾರು 7.8 ಲಕ್ಷ. ಬೆಳವಣಿಗೆ ನಿಜ, ಆದರೆ ಇದು ನಿಲ್ಲುತ್ತದೋ ಬಿದ್ದು ಹೋಗುತ್ತದೋ ಹೇಳಲಾಗದ ಕಾಲ. ಯೂನಿವರ್ಸಲ್ ಯೋಜನೆ ಬಂದದ್ದು ಆ ಅನುಮಾನದ ನಡುವೆ. ಕಂಪನಿ ಬಳಿ ದುಡ್ಡಿತ್ತು. ಅದಕ್ಕೆ ಬೇಕಾಗಿದ್ದು ಖಾತರಿ. ಯಾವ ಆಲ್ಬಮ್ ಹೋಗುತ್ತದೆ ಎಂದು ತಿಳಿಯುವ ಕೆಲಸವನ್ನು ಅದು ಕೇಳುಗರಿಗೆ ವಹಿಸಿತು, ಆ ಕೆಲಸದ ಖರ್ಚನ್ನೂ ಅವರಿಂದಲೇ ಪಡೆಯಿತು.

ಇದರಲ್ಲಿ ತಪ್ಪೇನು? ರೆಕಾರ್ಡು ಕೈಗೆ ಬಂದರೆ ಕೊಟ್ಟವನಿಗೆ ನಷ್ಟವಿಲ್ಲ. 500 ಜನಕ್ಕೆ ಬೇಕಾದ ಆಲ್ಬಮ್ ಬೇರೆ ದಾರಿಯಲ್ಲಿ ಬರುವುದೂ ಇಲ್ಲ. ಅಷ್ಟು ಒಪ್ಪುತ್ತೇನೆ. ಆದರೆ ಮರಿಲಿಯನ್‌ಗೆ ದುಡ್ಡು ಕೊಟ್ಟವರು ಒಂದು ತಂಡವನ್ನು ಉಳಿಸಿದರು. ಇಲ್ಲಿ ಹಾಡು ಆಗಲೇ ಇದೆ, ಟೇಪು ಕಂಪನಿಯ ಕಪಾಟಿನಲ್ಲಿದೆ, ಹಕ್ಕೂ ಅದರದ್ದೇ. ಒಮ್ಮೆ ಸ್ಟಾಂಪರ್ ತಯಾರಾದರೆ ಮುಂದೆ ಒತ್ತುವ ಪ್ರತಿಗಳ ಲಾಭವೂ ಅದರದ್ದೇ. ಹಾಗಿದ್ದಾಗ ಮೊದಲು ಧೈರ್ಯ ಮಾಡಿದ ಕೇಳುಗನಿಗೆ ಸುಮ್ನೆ ಒಂದು ಪ್ರತಿ ಕೊಟ್ಟರೆ ಸಾಲದು. ಬೆಲೆಯಲ್ಲಿ ರಿಯಾಯಿತಿ ಸಿಗಬೇಕು. ಯಾವ ಟೇಪಿನಿಂದ ಕೊರೆದರು ಎಂಬ ಮಾಹಿತಿ ಸಿಗಬೇಕು. ಹಾಡಿದವರಿಗೆ ಎಷ್ಟು ಹೋಗುತ್ತದೆ ಎಂಬುದೂ ಗೊತ್ತಾಗಬೇಕು.

ಯೂನಿವರ್ಸಲ್‌ನ ಆ ಪ್ರಯೋಗದ ಹಿಂದಿದ್ದ ಅನುಮಾನವೂ ಹೆಚ್ಚು ಕಾಲ ಉಳಿಯಲಿಲ್ಲ. 2016ರ ಹೊತ್ತಿಗೆ ಬ್ರಿಟನ್ನಿನಲ್ಲಿ ವರ್ಷಕ್ಕೆ 32 ಲಕ್ಷ ಎಲ್‌ಪಿ ಹೋಗುತ್ತಿದ್ದವು. 2022ರಲ್ಲಿ ಅಮೆರಿಕದಲ್ಲಿ ಎಲ್‌ಪಿಗಳ ಸಂಖ್ಯೆ ಸಿಡಿಗಳನ್ನು ದಾಟಿತು, 1987ರ ನಂತರ ಮೊದಲ ಸಲ. ಸೋನಿ ಕೂಡ ಮತ್ತೆ ಸ್ವಂತವಾಗಿ ವಿನೈಲ್ ಒತ್ತಲು ಶುರು ಮಾಡಿತು. ಹೆಸರಾಂತ ಆಲ್ಬಮ್‌ಗಳಿಗೆ ಮುಂಗಡದ ಪರೀಕ್ಷೆ ಬೇಡವಾಯಿತು. ಪರೀಕ್ಷೆ ಬೇಕಾದದ್ದು ಉಳಿದವುಗಳಿಗೆ.

ಅಂಥ ಒಂದು ಕೆಲಸವನ್ನು 2016ರಲ್ಲಿ ಮಾಡಿ ತೋರಿಸಿದ್ದು ಓಜ್ಮಾ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ. ವೊಯೇಜರ್ ರೆಕಾರ್ಡಿನ ಪ್ರತಿಯನ್ನು ಎಲ್‌ಪಿ ರೂಪದಲ್ಲಿ ಜನರಿಗೆ ತಲುಪಿಸಲು ಯಾವ ದೊಡ್ಡ ಕಂಪನಿಯೂ ಅಲ್ಲಿಯವರೆಗೆ ಮುಂದೆ ಬಂದಿರಲಿಲ್ಲ. 1992ರಲ್ಲಿ ವಾರ್ನರ್ ಪುಸ್ತಕದ ಜೊತೆ ಸಿಡಿ ರೂಪದಲ್ಲಿ ತಂದಿತ್ತು, ಅಷ್ಟೇ. ಒಂದೊಂದು ತುಣುಕಿಗೂ ಬೇರೆ ಬೇರೆ ಹಕ್ಕುದಾರರು ಇರುವುದರಿಂದ ಕೆಲಸ ಸುಲಭವಲ್ಲ. ಓಜ್ಮಾ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು 1,98,000 ಡಾಲರ್. ಬಂದದ್ದು 13 ಲಕ್ಷಕ್ಕೂ ಹೆಚ್ಚು, ಕೊಟ್ಟವರು 10,768 ಜನ. ಮೂಲ ಟೇಪು ಸಿಕ್ಕಿದ್ದು ಸೋನಿಯ ಸಂಗ್ರಹದಲ್ಲಿ, ಯಾಕೆಂದರೆ 1977ರಲ್ಲಿ ಆ ಕೆಲಸ ನಡೆದದ್ದು ಮುಂದೆ ಸೋನಿಯ ಪಾಲಾದ ಅಮೆರಿಕದ ಕೊಲಂಬಿಯಾದಲ್ಲಿ. ಬಂಗಾರದ ಬಣ್ಣದ ಮೂರು ಎಲ್‌ಪಿಗಳ ಆ ಪೆಟ್ಟಿಗೆಗೆ 2018ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದರಲ್ಲಿ ಕೇಸರ್‌ಬಾಯಿ ಇದ್ದಾರೆ. 55 ಭಾಷೆಗಳ ಶುಭಾಶಯಗಳ ನಡುವೆ 'ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು' ಎಂಬ ಮಾತೂ ಇದೆ.

ಆದರೆ ಕೊಟ್ಟ ದುಡ್ಡು ಎಲ್ಲಿ ಇರುತ್ತದೆ ಎಂಬುದು ದೊಡ್ಡ ಪ್ರಶ್ನೆ. 2009ರಲ್ಲಿ ಶುರುವಾದ ಪ್ಲೆಡ್ಜ್‌ಮ್ಯೂಸಿಕ್, ಸಂಗೀತಕ್ಕೇ ಮೀಸಲಾದ ತಾಣವಾಗಿತ್ತು. ಅಭಿಮಾನಿಗಳ ದುಡ್ಡು ಅದರ ಕೈಯಿಂದ ಕಲಾವಿದರಿಗೆ ಹೋಗಬೇಕಿತ್ತು. 2018ರಿಂದ ಪಾವತಿ ತಡವಾಗತೊಡಗಿತು. 2019ರಲ್ಲಿ ಸಂಸ್ಥೆ ದಿವಾಳಿಯಾಯಿತು. ಎಷ್ಟೋ ಕಲಾವಿದರಿಗೆ ಹಣ ಬರಲಿಲ್ಲ, ಕೊಟ್ಟವರಿಗೆ ರೆಕಾರ್ಡೂ ಬರಲಿಲ್ಲ. ಆ ಹಣವನ್ನು ಬೇರೆ ಖಾತೆಯಲ್ಲಿ ಭದ್ರವಾಗಿ ಇಡಬೇಕಿತ್ತು.

ನಮ್ಮಲ್ಲೂ ಈ ದಾರಿ ಸಾಧ್ಯ. ಕನ್ನಡದ ಹಳೆಯ ಸಿನಿಮಾ ಹಾಡು, ರಂಗಗೀತೆ, ವೀಣೆ, ಪಿಟೀಲಿನ ರೆಕಾರ್ಡುಗಳಲ್ಲಿ ದೊಡ್ಡ ಪಾಲನ್ನು ಎಚ್‌ಎಂವಿಯ ಭಾರತೀಯ ಶಾಖೆ ತಂದಿತ್ತು. ಆ ಶಾಖೆ ಈಗ ಸರೆಗಮ. ಇವುಗಳಲ್ಲಿ ಬಹಳಷ್ಟಕ್ಕೆ ಸಾವಿರಾರು ಜನ ಸಿಗದಿರಬಹುದು. ಆದರೆ ಮುನ್ನೂರು, ಐನೂರು ಕನ್ನಡಿಗರು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮುಂಬೈ, ಅಮೆರಿಕದಲ್ಲಿ ಸೇರಿ ಸಿಗುತ್ತಾರೆ. ಅದಕ್ಕೆ ಮೊದಲು ಆಗಬೇಕಾದದ್ದು ಒಂದು ಪಟ್ಟಿ. ಯಾವ ಕನ್ನಡ ರೆಕಾರ್ಡಿನ ಮಾಸ್ಟರ್ ಟೇಪು ಉಳಿದಿದೆ, ಯಾವುದು ಹಳೆಯ ತಟ್ಟೆಯಾಗಿ ಮಾತ್ರ ಉಳಿದಿದೆ ಎಂದು ಹಕ್ಕುದಾರರು ಬಹಿರಂಗವಾಗಿ ಹೇಳಬೇಕು. ಟೇಪು ಇಲ್ಲದ ಕಡೆ ಸಂಗ್ರಹಕಾರರ ಮನೆಯ ತಟ್ಟೆಗಳಿಂದಲೇ ಧ್ವನಿ ತೆಗೆಯಬೇಕಾಗುತ್ತದೆ. ಅವರಲ್ಲಿ ಅನೇಕರಿಗೆ ಈಗ ಎಪ್ಪತ್ತು ದಾಟಿದೆ. ಈ ಪಟ್ಟಿಯ ಕೆಲಸಕ್ಕೆ ಕೇಳುಗರ ಮುಂಗಡ ಬೇಕಾಗಿಲ್ಲ, ನಾಳೆಯೇ ಶುರು ಮಾಡಬಹುದು.