ಫಾಸ್ಟಿಂಗ್ ಶುಗರ್ ನಾರ್ಮಲ್ ಇದೆ, ಹಾಗಾದ್ರೆ ನನಗೆ ಡಯಾಬಿಟಿಸ್ ಬರಲ್ವಾ?

ಪ್ರಶ್ನೆ: ನನಗೆ 38 ವರ್ಷ. ಕೂತು ಮಾಡುವ ಕೆಲಸ, ವ್ಯಾಯಾಮ ಇಲ್ಲ. ಅಪ್ಪನಿಗೆ ಶುಗರ್ ಇದೆ. ನಾನು ದಪ್ಪ ಏನಿಲ್ಲ, ಫಾಸ್ಟಿಂಗ್ 96 ಬಂದಿದೆ. ಮುಂದೆ ಶುಗರ್ ಬರುತ್ತಾ ಅಂತ ಈಗಲೇ ತಿಳಿಯುತ್ತಾ?

ಉತ್ತರ: ಖಚಿತವಾಗಿ ಯಾರೂ ಹೇಳಲಾರರು. ಆದರೆ ಎಷ್ಟು ಹತ್ತಿರದಲ್ಲಿದ್ದೀರಿ ಅಂತ ಅಂದಾಜು ಮಾಡಬಹುದು. ಅದಕ್ಕೆ ಆ 96 ಒಂದೇ ಸಾಲದು.

ಯಾಕಂದ್ರೆ ಕೊನೆಗೆ ಕೆಡುವುದು ಶುಗರ್. ದೇಹ ಇನ್ಸುಲಿನ್ ಮಾತು ಕೇಳದೇ ಹೋದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿದು ಹೇಗೋ ಸಂಭಾಳಿಸುತ್ತದೆ. ಇದು ಎಷ್ಟೋ ವರ್ಷ ನಡೆಯುತ್ತದೆ. ಅಷ್ಟೂ ದಿನ ರಿಪೋರ್ಟಲ್ಲಿ 'ನಾರ್ಮಲ್'. ಆ ಗ್ರಂಥಿ ಸುಸ್ತಾದ ಮೇಲೆ ಶುಗರ್ ಏರುತ್ತದೆ.

ಮೊದಲು ಟೇಪ್ ತೆಗೆದುಕೊಳ್ಳಿ. ಪ್ಯಾಂಟ್ ಸೈಜ್ ಹೇಳಬೇಡಿ, ಅದು ಸುಳ್ಳು. ನಮ್ಮಲ್ಲಿ ಬಹಳ ಜನ ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಹೊಟ್ಟೆ ಎಷ್ಟು ಬೆಳೆದರೂ ಸೈಜ್ 34 ದಾಟುವುದಿಲ್ಲ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದರೆ ಹುಷಾರಾಗಬೇಕು.

ಇನ್ನು ಲೆಕ್ಕ. ಚೆನ್ನೈನ ಮಧುಮೇಹ ತಜ್ಞ ಡಾ. ವಿ. ಮೋಹನ್ ಅವರ ತಂಡ 2005ರಲ್ಲಿ ಭಾರತೀಯರಿಗೆಂದೇ ಶುಗರ್ ಅಪಾಯ ಅಳೆಯುವ ಒಂದು ಅಂಕಪಟ್ಟಿ ಮಾಡಿತು. ರಕ್ತ ಪರೀಕ್ಷೆಯೇ ಬೇಡ. ನಿಮ್ಮದನ್ನೇ ಹಾಕೋಣ: ವಯಸ್ಸು 35 ದಾಟಿದೆ, 20. ವ್ಯಾಯಾಮವಿಲ್ಲ, ಕೂತು ಕೆಲಸ, 30. ಅಪ್ಪನಿಗೆ ಶುಗರ್, 10. ಆಗಲೇ 60 ಆಯ್ತು. 60 ಅಂದರೆ ಜಾಸ್ತಿ ಅಪಾಯದ ಗುಂಪು. ಗಂಡಸರಿಗೆ ಸೊಂಟ 37 ಇಂಚು, ಅಂದರೆ 94 ಸೆಂಟಿಮೀಟರ್ ಇದ್ದರೆ ಇನ್ನೊಂದು 10. ವಯಸ್ಸನ್ನೂ ಅಪ್ಪನನ್ನೂ ಬದಲಿಸೋಕಾಗಲ್ಲ, ಆದರೆ ಆ 30 ನಿಮ್ಮ ಕೈಲಿದೆ ಅಲ್ವಾ?

ಲಿಪಿಡ್ ರಿಪೋರ್ಟ್ (ರಕ್ತದ ಕೊಬ್ಬಿನ ಪರೀಕ್ಷೆ) ಇದ್ದರೆ ಟೋಟಲ್ ಕೊಲೆಸ್ಟ್ರಾಲ್ ಬಿಟ್ಟು ಉಳಿದ ಸಾಲುಗಳನ್ನೂ ನೋಡಿ. ಟ್ರೈಗ್ಲಿಸರೈಡ್ 150ಕ್ಕೆ ಏರಿದ್ದು, 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನುವ ಎಚ್‌ಡಿಎಲ್ 40ಕ್ಕಿಂತ (ಹೆಂಗಸರಲ್ಲಿ 50ಕ್ಕಿಂತ) ಇಳಿದಿದ್ದರೆ ಇನ್ಸುಲಿನ್ ಮಾತು ನಡೆಯುತ್ತಿಲ್ಲ ಅನ್ನುವ ಅನುಮಾನ ಬರಬೇಕು. ಸ್ಕ್ಯಾನಿಂಗಲ್ಲಿ 'ಫ್ಯಾಟಿ ಲಿವರ್' ಅಂತ ಬಂದಿದ್ದರೂ ಅಷ್ಟೇ. ಕತ್ತಿನ ಹಿಂದೆ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿದೆಯಾ? ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿದರೆ ಹೋಗುವ ಕೊಳೆ ಅದಲ್ಲ. ಬಹಳ ಸಲ ಅದೂ ಇನ್ಸುಲಿನ್ ಮಾತು ನಡೆಯುತ್ತಿಲ್ಲ ಅನ್ನುವುದರದ್ದೇ ಗುರುತು.

'ದಪ್ಪ ಏನಿಲ್ಲ' ಅನ್ನುವುದನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಪುಣೆಯ ಮಧುಮೇಹ ತಜ್ಞ ಡಾ. ಯಾಜ್ಞಿಕ್ ತಮ್ಮನ್ನೂ ತಮ್ಮ ಬ್ರಿಟಿಷ್ ಸಹೋದ್ಯೋಗಿಯನ್ನೂ ಹೋಲಿಸಿ 2004ರಲ್ಲಿ ಬರೆದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಮೈಯಲ್ಲಿನ ಕೊಬ್ಬು ಮಾತ್ರ ಆ ಬ್ರಿಟಿಷರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2!

ಮುಂದಿನ ಪರೀಕ್ಷೆ ಯಾವುದು? ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇ 5.7ರಿಂದ 6.4 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಡಯಾಬಿಟಿಸ್‌ನ ಹಿಂದಿನ ಹಂತ. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರಲ್ಲಿ ಅದು ಸುಮ್ನೆ ಜಾಸ್ತಿ ತೋರಿಸಬಹುದು. ನಿಮ್ಮ ಅಂಕ ನೋಡಿದರೆ, ಡಾಕ್ಟರನ್ನು ಕೇಳಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಫಾಸ್ಟಿಂಗಲ್ಲಿ ಸಿಗದವರು ಇದರಲ್ಲಿ ಸಿಕ್ಕಿಬೀಳುತ್ತಾರೆ. 2 ಗಂಟೆ ಆದ ಮೇಲೆ 140ರಿಂದ 199 ಬಂದರೆ ಪ್ರಿಡಯಾಬಿಟಿಸ್. ಅಷ್ಟು ಹೊತ್ತೂ ಲ್ಯಾಬಲ್ಲೇ ಕೂತಿರಬೇಕು, ನಡುವೆ ಎದ್ದು ಕಾಫಿಗೆ ಹೋಗುವ ಹಾಗಿಲ್ಲ.