ಪೀರ್ ಸ್ಟೇಟಸ್: ಕ್ಲಾಸಿನಲ್ಲಿ ಯಾರ ಹವಾ?

ಓರಗೆಯವರ ನಡುವೆ ಒಬ್ಬ ಹುಡುಗನಿಗೋ ಹುಡುಗಿಗೋ ಸಿಗುವ ಸ್ಥಾನಕ್ಕೆ ಮನಶ್ಶಾಸ್ತ್ರದಲ್ಲಿ ಪೀರ್ ಸ್ಟೇಟಸ್ ಅಂತಾರೆ. ಇದು ಮಾರ್ಕ್ಸ್ ಕಾರ್ಡಿನಲ್ಲಿ ಬರೋದಿಲ್ಲ, ಮೇಷ್ಟ್ರು ಕೊಡೋದೂ ಅಲ್ಲ. ಆದರೆ ತುಮಕೂರಿನ ಯಾವುದೇ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನವರನ್ನು ಕೇಳಿ ನೋಡಿ, ಯಾರ ಹವಾ ಜಾಸ್ತಿ ಅಂತ ಥಟ್ಟನೆ ಹೇಳುತ್ತಾರೆ.

ಸಂಶೋಧಕರು ಮಾಡೋದೂ ಅದನ್ನೇ, ಮಕ್ಕಳನ್ನೇ ಕೇಳುತ್ತಾರೆ. ‘ನಿನಗೆ ಯಾರು ಇಷ್ಟ, ಯಾರು ಇಷ್ಟವಿಲ್ಲ?’ 1930ರ ದಶಕದಲ್ಲಿ ಜೇಕಬ್ ಮೊರೆನೊ ಶುರುಮಾಡಿದ ಪದ್ಧತಿ ಇದು. ಆಮೇಲೆ ‘ಕ್ಲಾಸಿನಲ್ಲಿ ಪಾಪ್ಯುಲರ್ ಯಾರು?’ ಅಂತಲೂ ಕೇಳತೊಡಗಿದರು. ಎರಡಕ್ಕೂ ಒಂದೇ ಹೆಸರು ಬರಬೇಕಿತ್ತು ಅಲ್ವಾ? ಬರಲಿಲ್ಲ. ಪಾರ್ಕ್‌ಹರ್ಸ್ಟ್ ಮತ್ತು ಹಾಪ್‌ಮೆಯರ್ 1998ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಎಲ್ಲರಿಗೂ ಇಷ್ಟವಾದವರು ಮೃದು ಸ್ವಭಾವದವರು, ನಂಬಬಹುದಾದವರು. ಪಾಪ್ಯುಲರ್ ಅನ್ನಿಸಿಕೊಂಡವರಲ್ಲಿ ಅಂಥವರೂ ಇದ್ದರು. ಆದರೆ ಜಂಬದವರು, ಜೋರು ಮಾಡುವವರು ಅಂತ ಹೆಸರಾದವರೂ ಇದ್ದರು.

ಮಧ್ಯಾಹ್ನ ಊಟದ ಬೆಲ್ ಆಗಿದೆ ಅಂದುಕೊಳ್ಳಿ. ಹೊಂಗೆಮರದ ಕೆಳಗೆ ನಾಲ್ಕು ಹುಡುಗಿಯರು ಡಬ್ಬಿ ಬಿಚ್ಚಿದ್ದಾರೆ. ಗುಬ್ಬಿ ಕಡೆಯಿಂದ ಬಸ್ಸಿನಲ್ಲಿ ಬರುವ ಹೊಸ ಹುಡುಗಿ ಚಿತ್ರಾನ್ನದ ಡಬ್ಬಿ ಹಿಡಿದು ಹತ್ತಿರ ಬರುತ್ತಾಳೆ. ತುದಿಯಲ್ಲಿ ಕೂತವಳು ಸುಮ್ನೆ ಬ್ಯಾಗ್ ಎಳೆದು ಪಕ್ಕಕ್ಕೆ ಇಟ್ಟುಕೊಳ್ಳುತ್ತಾಳೆ. ‘ಜಾಗ ಇಲ್ಲ ಕಣೆ.’ ಬೈದಿಲ್ಲ, ಹೊಡೆದಿಲ್ಲ. ಆದರೂ ಇದು ಆಕ್ರಮಣವೇ. ಗುಂಪಿನಿಂದ ಹೊರಗಿಡೋದು, ಗಾಸಿಪ್ ಹಬ್ಬಿಸೋದು, ಮಾತು ಬಿಡೋದು, ಇವನ್ನೆಲ್ಲ ಸಂಬಂಧದ ಮೂಲಕ ನೋಯಿಸುವ ಆಕ್ರಮಣ ಅಂತಲೇ ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ಗುಂಪಿನ ಯಜಮಾನಿ ‘ಬಾರೆ, ಇಲ್ಲಿ ಕೂತ್ಕೋ’ ಅಂತ ಜರುಗಿ ಜಾಗ ಬಿಡುತ್ತಾಳೆ. ಅವಳಿಗೆ ಅದರಿಂದ ಹೋಗೋದೇನೂ ಇಲ್ಲ. ಬ್ಯಾಗ್ ಎಳೆದವಳಿಗೆ ಮಾತ್ರ ತನ್ನ ಜಾಗದ್ದೇ ಚಿಂತೆ.

ಇದು ಬರೀ ನನ್ನ ಊಹೆಯಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾಲೆಗಳಲ್ಲಿ ಫ್ಯಾರಿಸ್ ಮತ್ತು ಫೆಲ್ಮ್ಲೀ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸ್ಥಾನ ಏರಿದಂತೆ ಆಕ್ರಮಣವೂ ಏರುತ್ತಿತ್ತು. ತೀರಾ ಮೇಲಿನ ಶೇ. 2ರಷ್ಟು ಮಕ್ಕಳಲ್ಲಿ ಮಾತ್ರ ಇಳಿದಿತ್ತು. ಮೇಲೆ ಹತ್ತುತ್ತಿರುವವರೇ ಹೆಚ್ಚು ತುಳಿಯುತ್ತಾರೆ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಹಾಗಂತ ಹವಾ ಇರುವವರ ಒಳ್ಳೆಯತನ ಬರೀ ನಾಟಕ ಅಂತಲ್ಲ. ಪೆಟ್ರೀಷಿಯಾ ಹಾಲಿ ಎಂಬ ಮನಶ್ಶಾಸ್ತ್ರಜ್ಞೆ ಒಳ್ಳೆಯತನ, ದಬಾವಣೆ ಎರಡನ್ನೂ ಬಳಸುವ ಮಕ್ಕಳ ಬಗ್ಗೆ ಬರೆದಿದ್ದಾರೆ. ಇವರು ನೋಟ್ಸ್ ಕೊಡುತ್ತಾರೆ, ಹುಷಾರಿಲ್ಲದವರನ್ನು ವಿಚಾರಿಸುತ್ತಾರೆ, ಬೇಕಾದಾಗ ಹೆದರಿಸಿ ಕೆಲಸವನ್ನೂ ಮಾಡಿಸಿಕೊಳ್ಳುತ್ತಾರೆ. ಹಿಂದಿನ ಬೆಂಚಿನವನು ಹೊಡೆಯೋಕೆ ಕೈ ಎತ್ತಿದರೆ ಎಲ್ಲರಿಗೂ ಕಾಣುತ್ತದೆ, ತಕ್ಷಣ ಹೆಡ್‌ಮಾಸ್ಟರ್ ರೂಮಿಗೆ ಹೋಗುತ್ತಾನೆ. ಆದರೆ ಈ ಹವಾ ಇರುವವರ ಮೇಲೆ ದೂರು ಹೋದರೆ ಸ್ಟಾಫ್ ರೂಮಿನಲ್ಲಿ ಬರುವ ಮೊದಲ ಮಾತು, ‘ಅವಳಾ? ಒಳ್ಳೇ ಹುಡುಗಿ ಅಲ್ವಾ, ಕ್ಲಾಸ್ ಲೀಡರ್ ಬೇರೆ!’