ಕಲ್ಲಿನೊಳಗಿನ ಇಂಗಾಲ: ಸಿಮೆಂಟ್ ಕಂಪನಿಗಳು ಲೆಕ್ಕ ಇಡಲು ಕಲಿತ ಕಥೆ

ಸುಣ್ಣದ ಭಟ್ಟಿ ನೋಡಿದವರಿಗೆ ಗೊತ್ತಿರುತ್ತದೆ, ಒಳಗೆ ಹಾಕಿದ ಕಲ್ಲಿಗಿಂತ ಹೊರಗೆ ಬಂದ ಸುಣ್ಣ ತುಂಬಾ ಹಗುರ. ಆ ತೂಕ ಎಲ್ಲಿ ಹೋಯಿತು? ಗಾಳಿಗೆ. 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಅದರಲ್ಲಿ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಸೌದೆಯದ್ದೋ ಕಲ್ಲಿದ್ದಲಿನದ್ದೋ ಹೊಗೆಯ ಲೆಕ್ಕ ಬೇರೆ. ಇದು ಕಲ್ಲಿನೊಳಗೇ ಇದ್ದದ್ದು.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ದೊಡ್ಡ ಸಿಮೆಂಟ್ ಕಾರ್ಖಾನೆಗಳಲ್ಲಿ ಆಗುವುದೂ ಇದೇ. ಅಲ್ಲಿ ಸುಣ್ಣದ ಕಲ್ಲನ್ನು ಜೇಡಿಯಂಥ ಪದಾರ್ಥಗಳ ಜೊತೆ ಪುಡಿ ಮಾಡಿ, ಉದ್ದನೆಯ ತಿರುಗುವ ಕುಲುಮೆಯಲ್ಲಿ ಸುಮಾರು 1450 ಡಿಗ್ರಿಗೆ ಕಾಯಿಸುತ್ತಾರೆ. ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ಬರುತ್ತವೆ, ಇವನ್ನು ಬೇರೆ ಪದಾರ್ಥಗಳ ಜೊತೆ ಪುಡಿ ಮಾಡಿದರೆ ಸಿಮೆಂಟ್. ಒಂದು ಟನ್ ಕ್ಲಿಂಕರ್ ಮಾಡಿದರೆ ಕಲ್ಲಿನಿಂದಲೇ 500 ಕೆಜಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾರ್ಖಾನೆ ಪೂರ್ತಿ ಸೋಲಾರ್ ಕರೆಂಟಿನಲ್ಲಿ ನಡೆದರೂ ಇದು ನಿಲ್ಲುವುದಿಲ್ಲ. ಹಾಗಾಗಿ ಯಾವುದೇ ಸಿಮೆಂಟ್ ಕಂಪನಿಯ ಇಂಗಾಲದ ಯೋಜನೆ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಒಂದೇ ಸಂಖ್ಯೆ, ಅವರ ಸಿಮೆಂಟಿನಲ್ಲಿ ಕ್ಲಿಂಕರ್ ಪಾಲು ಎಷ್ಟು ಅಂತ.

ಈ ಪಾಲು ಇಳಿಯಲು ಶುರುವಾದದ್ದು ಹವಾಮಾನದ ಚಿಂತೆಯಿಂದ ಅಲ್ಲ, ಖರ್ಚಿನ ಚಿಂತೆಯಿಂದ. ಸಿಮೆಂಟಿನ ಬೆಲೆಯ ಮೇಲೆ ಸರ್ಕಾರದ ಹಿಡಿತ 1982ರಲ್ಲಿ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಪೈಪೋಟಿ ಬಂದ ಮೇಲೆ ಕಲ್ಲಿದ್ದಲು ಉಳಿಸಲೇಬೇಕಾಯಿತು. ಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಆಮೇಲೆ ಆ ನೀರನ್ನೇ ಆವಿ ಮಾಡಲು ಕಲ್ಲಿದ್ದಲು ಸುಡುತ್ತಿದ್ದ ಹಳೆಯ ಪದ್ಧತಿ ಬಿಟ್ಟು ಒಣ ಪದ್ಧತಿಗೆ ಬಂದರು. ಇನ್ನೊಂದು ಕಡೆ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಗುಡ್ಡೆ ಬೀಳುತ್ತಿತ್ತು. ಅದನ್ನು ಬಳಸಲೇಬೇಕು ಎಂದು ಕೇಂದ್ರ ಸರ್ಕಾರ 1999ರಲ್ಲಿ ಅಧಿಸೂಚನೆ ಹೊರಡಿಸಿತು. ಪಿಪಿಸಿ ಎಂಬ ಮಿಶ್ರ ಸಿಮೆಂಟಿನಲ್ಲಿ ಕ್ಲಿಂಕರ್ ಬದಲು 35 ಶೇಕಡಾವರೆಗೆ ಹಾರುಬೂದಿ ಹಾಕಬಹುದು. ಸ್ಲ್ಯಾಗ್ ಸಿಮೆಂಟಿನಲ್ಲಂತೂ ಉಕ್ಕಿನ ಕಾರ್ಖಾನೆಯ ಕಿಟ್ಟ 70 ಶೇಕಡಾವರೆಗೂ ಹೋಗಬಹುದು. ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕಿನ ಪಕ್ಕದಲ್ಲೇ ಸಿಮೆಂಟ್ ತಯಾರಾಗುವುದು ಇದೇ ಕಾರಣಕ್ಕೆ.

ಇದರ ಫಲ ದೊಡ್ಡದು. 1996ರಲ್ಲಿ ಭಾರತದಲ್ಲಿ ಒಂದು ಟನ್ ಸಿಮೆಂಟಿಗೆ 1.12 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತಿತ್ತು, 2010ರ ಹೊತ್ತಿಗೆ ಅದು 0.719ಕ್ಕೆ ಇಳಿಯಿತು. ಯಾರೂ ದೊಡ್ಡ ಶಪಥ ಮಾಡಿರಲಿಲ್ಲ, ಆದರೂ ಇಷ್ಟು ಇಳಿಯಿತು, ಇದನ್ನು ನಾವು ಮರೆಯಬಾರದು ಅಂತ ನನಗನಿಸುತ್ತದೆ.

ಲೆಕ್ಕ ಇಡುವ ಶಿಸ್ತು ಬಂದದ್ದು ಬೇರೆ ದಾರಿಯಿಂದ. 1999ರಲ್ಲಿ ಜಗತ್ತಿನ ಹತ್ತು ದೊಡ್ಡ ಸಿಮೆಂಟ್ ಕಂಪನಿಗಳು ಸೇರಿ, ಹೊಗೆಯನ್ನು ಎಲ್ಲರೂ ಒಂದೇ ರೀತಿ ಅಳೆಯುವ ಕ್ರಮ ತರಲು ಹೊರಟವು. ಹವಾಮಾನ ಕುರಿತ ಕ್ಯೋಟೊ ಒಪ್ಪಂದದ ಕಾಲದಲ್ಲಿ ಇಳಿಸಿದ ಇಂಗಾಲಕ್ಕೆ ದುಡ್ಡೂ ಬಂತು. ಎಸಿಸಿ ಸಿಮೆಂಟ್ ಕಂಪನಿ ತನ್ನ ಮಿಶ್ರ ಸಿಮೆಂಟಿನ ಯೋಜನೆಯನ್ನು ವಿಶ್ವಸಂಸ್ಥೆಯ ಸಿಡಿಎಂ, ಅಂದರೆ ಇಂಗಾಲ ಇಳಿಸಿದವರಿಗೆ ಮಾರಬಹುದಾದ ಕ್ರೆಡಿಟ್ ಕೊಡುವ ವ್ಯವಸ್ಥೆಯ ಅಡಿಯಲ್ಲಿ ನೋಂದಾಯಿಸಿದಾಗ ಅದರಲ್ಲಿ ನಮ್ಮ ವಾಡಿಯ ಘಟಕವೂ ಇತ್ತು.

ಆಮೇಲೆ ಬಂದದ್ದು ಕಾರ್ಖಾನೆಗಳಿಗೆ ಇಂಧನ ಉಳಿಸುವ ಗುರಿ ಕೊಡುವ 2012ರ ಪ್ಯಾಟ್ ಯೋಜನೆ. ಎಂಟು ಉದ್ಯಮಗಳ 478 ಘಟಕಗಳಿಗೆ ಕೇಂದ್ರ ಗುರಿ ಕೊಟ್ಟಿತು. ಇಂಥ ಘಟಕದಲ್ಲಿ ಪರೀಕ್ಷೆ ಪಾಸಾದ ಎನರ್ಜಿ ಮ್ಯಾನೇಜರ್ ಇರಲೇಬೇಕು, ಪ್ರತಿ ವರ್ಷ ಲೆಕ್ಕ ಕೊಡಲೇಬೇಕು. ಕರ್ನಾಟಕದಲ್ಲಿ ಇದರ ಹೊಣೆ ರಾಜ್ಯ ಸರ್ಕಾರದ ಇಂಧನ ಸಂಸ್ಥೆಯಾದ ಕ್ರೆಡಲ್‌ದು. ಆದರೆ ಒಂದು ಕೊರತೆ ಇತ್ತು. ಪ್ಯಾಟ್ ಎಣಿಸಿದ್ದು ಇಂಧನವನ್ನು, ಇಂಗಾಲವನ್ನಲ್ಲ. ಕಲ್ಲಿನಿಂದ ಹಾರಿಹೋಗುವ ಭಾಗವನ್ನು ಅದು ನೇರವಾಗಿ ಅಳೆಯಲೇ ಇಲ್ಲ.

ಕಂಪನಿಗಳ ದೊಡ್ಡ ಘೋಷಣೆಗಳು ಜಾಸ್ತಿಯಾದದ್ದು ಇದರ ನಂತರ. 2018ರಲ್ಲಿ ದಾಲ್ಮಿಯಾ ಸಿಮೆಂಟ್, 2040ರೊಳಗೆ ತಾನು ಬಿಡುವುದಕ್ಕಿಂತ ಜಾಸ್ತಿ ಇಂಗಾಲ ಹೀರಿಕೊಳ್ಳುವ ಕಂಪನಿ ಆಗುತ್ತೇನೆ ಎಂದಿತು. ಅಲ್ಟ್ರಾಟೆಕ್ 2017ರ ಮಟ್ಟಕ್ಕೆ ಹೋಲಿಸಿ, ತನ್ನ ಕಾರ್ಖಾನೆಗಳ ನೇರ ಹೊಗೆಯನ್ನು ಟನ್ನಿನ ಲೆಕ್ಕದಲ್ಲಿ 2032ರೊಳಗೆ 27 ಶೇಕಡಾ ಇಳಿಸುವ ಗುರಿ ಇಟ್ಟುಕೊಂಡಿತು. ನನಗೆ ಎರಡನೆಯ ಬಗೆಯ ಗುರಿಯ ಮೇಲೆ ನಂಬಿಕೆ ಹೆಚ್ಚು. ಶುರುವಿನ ವರ್ಷ, ಕೊನೆಯ ವರ್ಷ, ಅಳತೆ ಮೂರೂ ಇದ್ದರೆ ಅದನ್ನು ಒಂದೊಂದು ಘಟಕಕ್ಕೂ, ಒಂದೊಂದು ವರ್ಷಕ್ಕೂ ಹಂಚಬಹುದು, ಈ ವರ್ಷ ಯಾಕೆ ತಪ್ಪಿತು ಎಂದು ಘಟಕದ ಮುಖ್ಯಸ್ಥರನ್ನು ಕೇಳಬಹುದು. ಕೆಲವು ಕಂಪನಿಗಳು ಇಂಗಾಲಕ್ಕೆ ತಮ್ಮಲ್ಲೇ ಒಂದು ಬೆಲೆ ಕಟ್ಟುತ್ತವೆ. ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮುಂಚೆ ಆ ಬೆಲೆಯನ್ನೂ ಖರ್ಚಿನಲ್ಲಿ ಸೇರಿಸಿ ನೋಡಿದರೆ, ಕುಲುಮೆಯ ಬಿಸಿಗಾಳಿಯಿಂದ ಕರೆಂಟ್ ತೆಗೆಯುವಂಥ ಕೆಲಸ ಲಾಭದ್ದಾಗಿ ಕಾಣುತ್ತದೆ.

ಕೇಳುವವರು ಹೊರಗೂ ಬೇಕಲ್ವಾ? 2022-23ರಿಂದ ಷೇರು ಪೇಟೆಯ ಮೊದಲ 1000 ಕಂಪನಿಗಳು ತಮ್ಮ ಹೊಗೆಯ ಲೆಕ್ಕವನ್ನು ಪರಿಸರ, ಸಮಾಜದ ಹೊಣೆಗಾರಿಕೆ ತಿಳಿಸುವ ಬಿಆರ್‌ಎಸ್‌ಆರ್ ವರದಿಯಲ್ಲಿ ಕೊಡಬೇಕೆಂದು ಷೇರು ಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿತು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು, 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಬಂತು. 2025ರ ಅಕ್ಟೋಬರ್‌ನಲ್ಲಿ ನಾಲ್ಕು ಉದ್ಯಮಗಳ 282 ಘಟಕಗಳಿಗೆ ಗುರಿ ಕೊಟ್ಟರು. ಅವುಗಳಲ್ಲಿ 186 ಸಿಮೆಂಟಿನವು. ಈಗ ಎಣಿಸುವುದು ಇಂಗಾಲವನ್ನೇ. ಗುರಿಗಿಂತ ಜಾಸ್ತಿ ಇಳಿಸಿದವರು ಕ್ರೆಡಿಟ್ ಮಾರಬಹುದು, ತಪ್ಪಿದವರು ಕೊಳ್ಳಬೇಕು. ಅದನ್ನೂ ಮಾಡದಿದ್ದರೆ ಕ್ರೆಡಿಟ್ಟಿನ ಸರಾಸರಿ ಬೆಲೆಯ ಎರಡರಷ್ಟು ಕಟ್ಟಬೇಕು.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಗುರಿಗಳು ಒಂದು ಟನ್ ಸರಕಿಗೆ ಎಷ್ಟು ಹೊಗೆ ಎಂಬ ಲೆಕ್ಕದವು. ಟನ್ನಿಗೆ ಹೊಗೆ 10 ಶೇಕಡಾ ಇಳಿದು, ತಯಾರಿಕೆ 30 ಶೇಕಡಾ ಏರಿದರೆ ಒಟ್ಟು ಹೊಗೆ ಏರಿಯೇ ಏರುತ್ತದೆ. ಮನೆ, ಸೇತುವೆ, ರಸ್ತೆ ಇನ್ನೂ ಬೇಕಾಗಿರುವ ದೇಶದಲ್ಲಿ ತಯಾರಿಕೆಯನ್ನೇ ನಿಲ್ಲಿಸಿ ಅನ್ನಲು ನನಗೆ ಮನಸ್ಸಿಲ್ಲ. ಆದರೆ ವಾರ್ಷಿಕ ವರದಿ ಓದುವಾಗ ಎರಡೂ ಸಂಖ್ಯೆ ನೋಡಿ. ಟನ್ನಿನ ಲೆಕ್ಕ ಮೊದಲ ಪುಟಗಳಲ್ಲೇ ಸಿಗುತ್ತದೆ, ಒಟ್ಟು ಲೆಕ್ಕಕ್ಕೆ ಕೊನೆಯ ಕೋಷ್ಟಕಗಳವರೆಗೂ ಹೋಗಬೇಕಾಗಬಹುದು.